ಟೈ ಕಟ್ಟಿದ ಮಾಲೀಕ

ಭಾನುವಾರ ಸಂಜೆ ಇಂದಿರಾನಗರದಿಂದ ಮನೆಗೆ ಬಂದ ಕೆಂಪರಾಜ್, ಚಪ್ಪಲಿ ಬಿಡುವ ಮೊದಲೇ, ಇನ್ನುಮುಂದೆ ತಾನು ಉದ್ಯಮಪತಿಯಂತೆ ಉಡುಪು ಧರಿಸುವುದಾಗಿ ಘೋಷಿಸಿದ. ರಾಮಮೂರ್ತಿ ನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಲೇತ್ ಕಾರ್ಖಾನೆ ನಡೆಸುತ್ತಿರುವವನು ಇಷ್ಟು ದಿನ ಯಾರಂತೆ ಉಡುತ್ತಿದ್ದ ಎಂದು ಹೆಂಡತಿ ಯಮುನಾ ಕೇಳಲಿಲ್ಲ. ಅವನ ಅಂಗಿಗಳನ್ನು ಒಗೆದು ಒಗೆದು ಅವಳಿಗೆ ಉತ್ತರ ಗೊತ್ತಿತ್ತು. ಎಣ್ಣೆಯ ಕಲೆ ಸಾಬೂನಿಗೆ ಹೆದರುವುದಿಲ್ಲ.

ಘೋಷಣೆಗೆ ಕಾರಣ ಒಂದು ಭಾಷಣ. ಸಣ್ಣ ಕೈಗಾರಿಕೆಯವರನ್ನೆಲ್ಲ ಒಂದು ತಂಪಾದ ಸಭಾಂಗಣದಲ್ಲಿ ಕೂರಿಸಿ, ದೊಡ್ಡ ವ್ಯಾಪಾರಸ್ಥರು ಹೇಗೆ ಬಟ್ಟೆ ಹಾಕುತ್ತಾರೆ ಎಂಬುದನ್ನು ಇನ್ನೂ ಮೀಸೆ ಸರಿಯಾಗಿ ಬಾರದ ಒಬ್ಬ ಪಂಡಿತ ವಿವರಿಸಿದ್ದ. ಗಿರಾಕಿ ನಿಮ್ಮನ್ನು ಏಳೇ ಸೆಕೆಂಡಿನಲ್ಲಿ ತೂಗಿಬಿಡುತ್ತಾನೆ, ಮಿಕ್ಕ ಒಂದು ಗಂಟೆ ಆ ತೀರ್ಪಿಗೆ ಕಾರಣ ಹುಡುಕುತ್ತಾನೆ ಎಂದಿದ್ದ. ಕೆಂಪರಾಜ್ ಅದನ್ನು ಡೆಲಿವರಿ ಚಲನ್ನಿನ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದ.

"ಏಳು ಸೆಕೆಂಡಂತೆ ಕಣೇ."

"ಹಂಗಾದ್ರೆ ಆ ಏಳು ಸೆಕೆಂಡು ಬಾಯಿ ಬಿಡ್ಬೇಡಿ. ಮಿಕ್ಕಿದ್ದು ನಿಮ್ಮ ಕೆಲಸ ನೋಡ್ಕೊಳುತ್ತೆ," ಎಂದಳು ಯಮುನಾ.

ತಮಾಷೆಯ ಹಿಂದೆ ಇಬ್ಬರಿಗೂ ಒಂದು ಚಿಂತೆ ಇತ್ತು. ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದು, ಬುಶ್ ಎಂಬ ಸಣ್ಣ ಲೋಹದ ಬಳೆಗಳನ್ನು ಮೂರು ವರ್ಷ ಇವನಿಂದ ಕೊಳ್ಳುವ ಯೋಚನೆಯಲ್ಲಿತ್ತು. ಹತ್ತು ದಿನದಲ್ಲಿ ಅವರ ತಪಾಸಣೆ. ಅವರು ಒಪ್ಪಿದರೆ ಸರಿ. ಒಪ್ಪದಿದ್ದರೆ ಎರಡನೇ ಪಾಳಿ ನಿಲ್ಲಿಸಿ ಆರು ಜನರನ್ನು ಮನೆಗೆ ಕಳಿಸಬೇಕಾಗಿತ್ತು. ಆರು ಜನಕ್ಕೂ ಕೆಲಸ ಕಲಿಸಿದವನು ಅವನೇ. ಅವರಲ್ಲಿ ಯಾರ ಮುಖ ನೋಡಿ ಆ ಮಾತು ಹೇಳುವುದು ಎಂದು ಅವನಿಗೆ ತೋಚುತ್ತಿರಲಿಲ್ಲ. ಆದ್ದರಿಂದ ಸೂಟು ಹೊಲಿಸಿದ.

ಶಿವಾಜಿನಗರದ ದರ್ಜಿ ಮುನೀರ್ ಅವನ ಮದುವೆಯ ಕೋಟನ್ನೂ ಹೊಲಿದವರು. ಟೇಪು ಹಿಡಿದು ಸೊಂಟಕ್ಕೆ ಬಂದಾಗ ಗಿರಾಕಿ ಮುಖ ಕೆಂಪಾಗಿಸಿಕೊಂಡು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಧ್ಯಾನಸ್ಥನಾಗಿ ನಿಂತಿರುವುದನ್ನು ಕಂಡರು.

"ಉಸಿರು ಬಿಡಿ ಸಾರ್. ಹೊಟ್ಟೆ ನಿಮ್ದೇ, ನಾನೇನು ಕದಿಯಲ್ಲ."

ಹತ್ತು ದಿನದಲ್ಲಿ ಕರಗಿಸುತ್ತೇನೆ, ಇದೇ ಅಳತೆಗೆ ಹೊಲಿಯಿರಿ ಎಂದು ಕೆಂಪರಾಜ್ ಕೈಸನ್ನೆಯಲ್ಲೇ ತಿಳಿಸಿದ. ಮಾತನಾಡಿದ್ದರೆ ಉಸಿರು ಹೋಗುತ್ತಿತ್ತು. ಕೂದಲೆಳೆಯಷ್ಟು ಅಳತೆ ತಪ್ಪಿದ ಬುಶ್ಶನ್ನು ರದ್ದಿ ಬುಟ್ಟಿಗೆ ಎಸೆಯುವ ಮನುಷ್ಯ, ತನ್ನ ಸೊಂಟದ ವಿಷಯದಲ್ಲಿ ಮೂರು ಇಂಚು ಸುಳ್ಳು ಹೇಳಿದ. ಮುನೀರ್ ಅದನ್ನೇ ಬರೆದುಕೊಂಡರು. ಮುಂದಿನ ಹತ್ತು ದಿನಗಳಲ್ಲಿ ಕರಗಿದ್ದು ಆ ಸಂಕಲ್ಪ ಮಾತ್ರ.

ತಪಾಸಣೆಯ ದಿನ ಪ್ಯಾಂಟು, ವೇಸ್ಟ್ ಕೋಟು, ಕೋಟು ಮೂರೂ ಹೇಗೋ ಅವನ ಮೈಮೇಲೆ ಏರಿದವು. ಬಾಗುವುದೊಂದು ಬಿಟ್ಟು ಎಲ್ಲ ಸಾಧ್ಯವಿತ್ತು. ಉಳಿದದ್ದು ಟೈ. ಕಟ್ಟಲು ಇಬ್ಬರಿಗೂ ಬಾರದು. ಫೋನಿನಲ್ಲಿ ಒಬ್ಬಾತ ನಗುನಗುತ್ತ ಕಟ್ಟಿ ತೋರಿಸುತ್ತಿದ್ದ. ಅವನ ಎಡ ಇವರ ಬಲವಾಗಿ, ಮೂರು ಸಲ ಸುತ್ತಿದರೂ ಕೆಂಪರಾಜನ ಕತ್ತಿನಲ್ಲಿ ಅದು ಗಾಯಕ್ಕೆ ಕಟ್ಟಿದ ಬಟ್ಟೆಯಂತೆ ಕಾಣುತ್ತಿತ್ತು. ಯಮುನಾ ಫೋನನ್ನು ಮಗುಚಿ ಹಾಕಿದಳು.

"ಸುಮ್ನೆ ನಿಂತ್ಕೊಳ್ಳಿ. ಕೆ.ಆರ್. ಪುರದಲ್ಲಿ ಆರು ಹಸು ಕಟ್ಟಿ ಬೆಳೆದೋಳು ನಾನು. ಒಬ್ಬ ಗಂಡನ್ನ ಕಟ್ಟಕ್ಕಾಗಲ್ವಾ?"

ಎರಡು ಸುತ್ತು, ಒಂದು ಜಗ್ಗು. ಗಂಟು ಅಂದವಾಗಿಯೇ ಬಂತು. ತವರಿನಲ್ಲಿ ಅವಳ ಅಜ್ಜಿ ಕಲಿಸಿದ್ದ ಗಂಟು ಅದು. ದನ ಎಷ್ಟು ಜಗ್ಗಿದರೂ ಕತ್ತು ಬಿಗಿಯಬಾರದು, ಗಂಟೂ ಬಿಚ್ಚಬಾರದು ಎಂಬುದು ಅದರ ಧರ್ಮ.

ಹತ್ತು ಗಂಟೆಗೆ ಕಂಪನಿಯ ತಪಾಸಣಾಧಿಕಾರಿ ಸುಕನ್ಯ ಬಂದಿಳಿದಳು. ಮೂವತ್ತೈದರ ಹೆಂಗಸು, ಸಾದಾ ಹತ್ತಿ ಅಂಗಿ, ಬಿಗಿಯಾಗಿ ಕಟ್ಟಿದ ಕೂದಲು, ಮುಂಭಾಗಕ್ಕೆ ಕಬ್ಬಿಣವಿರುವ ಬೂಟು. ಕೆಂಪರಾಜ್ ಭಾಷಣದಲ್ಲಿ ಹೇಳಿದಂತೆ ಎದೆ ಸೆಟೆಸಿ, ಕೈ ಕುಲುಕಿ, ಏಳು ಸೆಕೆಂಡು ಮೌನವಾಗಿ ಬೆಳಗಿದ. ಅವಳು ಅವನ ಹೆಗಲಾಚೆ ಕಾರ್ಖಾನೆಯ ನೆಲ ನೋಡುತ್ತಿದ್ದಳು. ಒಳಗೆ ಹೋಗೋಣವೇ ಎಂದಳು. ಮಾಲೀಕ ಮುಂದೆ ನಡೆದ. ಬಾಗಿಲಿಗೆ ಒಂದು ಕೈ ಅಡ್ಡ ಬಂತು. ಹದಿನೆಂಟು ವರ್ಷದಿಂದ ಅಲ್ಲಿ ಮೇಸ್ತ್ರಿಯಾಗಿರುವ ಶಾಹಬಾಜ್‌ನ ಕೈ.

"ನೀವು ಒಳಗೆ ಬರಂಗಿಲ್ಲ ಸಾರ್. ಟೈ ಇದೆ."

ತಿರುಗುವ ಯಂತ್ರದ ಹತ್ತಿರ ಕತ್ತಿನಿಂದ ಏನೂ ನೇತಾಡಬಾರದು; ಸಿಕ್ಕಿಕೊಂಡರೆ ಯಂತ್ರ ಟೈಯನ್ನು ಮಾತ್ರ ಎಳೆದುಕೊಂಡು ಸುಮ್ಮನಾಗುವುದಿಲ್ಲ. ನಿಯಮ ಮಾಡಿದವನೂ, ವರ್ಷಕ್ಕೊಮ್ಮೆ ಕೆಲಸಗಾರರಿಗೆ ಸುರಕ್ಷತಾ ಪರೀಕ್ಷೆ ಇಡುತ್ತಿದ್ದವನೂ ಕೆಂಪರಾಜನೇ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದವನೊಬ್ಬನನ್ನು ಅರ್ಧ ದಿನ ಮನೆಗೂ ಕಳಿಸಿದ್ದ. ಈಗ ಹಲ್ಲು ಕಚ್ಚಿಕೊಂಡು, ಇವತ್ತೊಂದು ದಿನ ಸುಮ್ಮನಿರು ಎಂದು ಪಿಸುಗುಟ್ಟಿದ.

"ಇವತ್ತು ಇನ್‌ಸ್ಪೆಕ್ಷನ್ ಅಂತ ಮಿಷನ್‌ಗೆ ಗೊತ್ತಾಗಲ್ಲ ಸಾರ್," ಎಂದ ಶಾಹಬಾಜ್. ಅವನಿಗೆ ಪಿಸುಗುಟ್ಟುವ ಅಭ್ಯಾಸವಿರಲಿಲ್ಲ.

ಸುಕನ್ಯ ಏನೋ ಬರೆದುಕೊಂಡಳು. ಕೆಂಪರಾಜನಿಗೆ ಆರು ಜನರ ಮುಖ ಒಟ್ಟಿಗೆ ಕಣ್ಣಮುಂದೆ ಬಂತು. ಟೈ ಜಗ್ಗಿದ. ಅಲುಗಲಿಲ್ಲ. ಉಗುರು ಹಾಕಿದ. ತಲೆಯ ಮೇಲಿಂದ ತೆಗೆಯಲು ಹೋದ. ಕಿವಿಯ ತನಕ ಬಂದು ನಿಂತಿತು. ಕೊನೆಗೆ ಗೋಡೆಯ ಕಡೆ ತಿರುಗಿ ಹೆಂಡತಿಗೆ ಫೋನು ಮಾಡಿದ.

"ಇದನ್ನ ಬಿಚ್ಚೋದು ಹೆಂಗೆ?"

"ಸಂಜೆ ಮನೆಗೆ ಬನ್ನಿ, ಬಿಚ್ತೀನಿ."

"ಈಗ ಬೇಕು ಕಣೇ."

"ಹಂಗಾದ್ರೆ ಕತ್ತರಿಸ್ರೀ. ಹಸು ಬೇಕೋ ಹಗ್ಗ ಬೇಕೋ?"

ಶಾಹಬಾಜ್ ತಗಡು ಕತ್ತರಿಸುವ ಕತ್ತರಿ ತಂದ. ಕತ್ತಿನ ಕಡೆ ಹುಷಾರು ಎಂದು ಸುಕನ್ಯ ಎಚ್ಚರಿಸಿದಳು; ಅವಳ ನೋಟ್ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇದ್ದಿರಬೇಕು. ಕೆಂಪರಾಜ್ ತಲೆ ಬಾಗಿಸಿದ. ಟೈ ಕಚಕ್ಕೆಂದು ತುಂಡಾಯಿತು. ಅದೇ ಕ್ಷಣದಲ್ಲಿ ದರ್ಜಿಯಿಂದ ಮುಚ್ಚಿಟ್ಟಿದ್ದ ಮೂರು ಇಂಚುಗಳು ಹೊರಬಂದವು: ಕೋಟಿನ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಬಿಚ್ಚಿಕೊಂಡಿತು, ವೇಸ್ಟ್ ಕೋಟಿನ ಗುಂಡಿಯೊಂದು ಲೇತಿನ ಕೆಳಗೆ ಉರುಳಿಹೋಯಿತು. ಜೋತಾಡುವ ಕೋಟೂ ನಡೆಯುವುದಿಲ್ಲ ಎಂದು ಶಾಹಬಾಜ್ ಅದನ್ನೂ ಬಿಚ್ಚಿಸಿ, ತನ್ನ ಹಳೆಯ ನೀಲಿ ಮೇಲಂಗಿ ತೊಡಿಸಿದ. ಎದೆಯ ಮೇಲೆ 'ಶಾಹಬಾಜ್' ಎಂದು ಹೊಲಿದಿತ್ತು.

ಆಮೇಲೆ ಎರಡು ಗಂಟೆ ಕೆಂಪರಾಜ್ ತನ್ನ ಬಟ್ಟೆಯನ್ನು ಮರೆತ. ಅವಳು ಆರಿಸಿ ಕೊಟ್ಟ ಬುಶ್ಶನ್ನು ಬೆರಳಿನಲ್ಲಿ ತಿರುಗಿಸಿ, ಅಳೆಯುವ ಮೊದಲೇ ಅಳತೆ ಹೇಳಿದ. ಯಾವ ಯಂತ್ರ ಮಧ್ಯಾಹ್ನದ ಸೆಕೆಗೆ ಎಷ್ಟು ಹಿಗ್ಗುತ್ತದೆ, ಯಾವ ಕೆಲಸಗಾರನ ಕೈ ಯಾವ ಕೆಲಸಕ್ಕೆ ಹಗುರ ಎಂಬುದನ್ನೆಲ್ಲ ವಿವರಿಸಿದ. ಅವಳು ಕೇಳುತ್ತಲೇ ಇದ್ದಳು, ಬರೆಯುತ್ತಲೇ ಇದ್ದಳು. ಹೋಗುವಾಗ ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

ಸೋಮವಾರ ಪತ್ರ ಬಂತು. ಯಮುನಾ ಜೋರಾಗಿ ಓದಿದಳು. ಕೆಲಸದ ಗುಣಮಟ್ಟ ತೃಪ್ತಿಕರ. ಮೇಸ್ತ್ರಿಯೊಬ್ಬರು ಮಾಲೀಕರನ್ನೇ ಬಾಗಿಲಲ್ಲಿ ತಡೆಯಬಲ್ಲ ಕಾರ್ಖಾನೆಯ ಮಾಲನ್ನು ನಂಬಬಹುದು. ಮೂರು ವರ್ಷದ ಕೆಲಸ ಕೊಡಲಾಗಿದೆ. ಒಂದೇ ಷರತ್ತು: ಹದಿನೈದು ದಿನದೊಳಗೆ ಮಾಲೀಕರು ಸುರಕ್ಷತಾ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು. ತರಬೇತುದಾರರು: ಶ್ರೀ ಶಾಹಬಾಜ್.

ಎರಡನೇ ಪಾಳಿಯ ಆರೂ ಜನ ಕಿಟಕಿಯಿಂದ ಇಣುಕುತ್ತಿರುವಾಗ ಕೆಂಪರಾಜ್ ಸ್ಟೂಲಿನ ಮೇಲೆ ಕೂತು ಪರೀಕ್ಷೆ ಬರೆದ. ಹತ್ತು ಪ್ರಶ್ನೆ, ಪಾಸಾಗಲು ಎಂಟು ಸರಿಯಿರಬೇಕು. ಶಾಹಬಾಜ್ ಕನ್ನಡಕ ಏರಿಸಿ ತಿದ್ದಿದ. ಏಳು ಬಂದಿತ್ತು.

"ಒಂದ್ ಮಾರ್ಕ್ ಹಾಕಿ ಮುಗಿಸಯ್ಯ."

ಶಾಹಬಾಜ್ ಪೆನ್ನಿಗೆ ಮುಚ್ಚಳ ಹಾಕಿದ.

"ಹೋದ್ ವರ್ಷ ನನಗೆ ಏಳು ಬಂದಾಗ ನೀವು ಹಾಕಿದ್ರಾ ಸಾರ್? ಬುಧವಾರ ಮತ್ತೆ ಕೂತ್ಕೊಳ್ಳಿ. ಓದ್ಕೊಂಡ್ ಬನ್ನಿ."