ಐವರು ಅವಿವಾಹಿತೆಯರು

ಕಾಬೂಲ್ ಬಿಟ್ಟು ಅಮೆರಿಕದ ನಮ್ಮೂರು ಸೆಂಟರ್‌ವಿಲ್‌ಗೆ ಬಂದಿಳಿದ ಹೆಂಗಸರಿಗೆ ಇಂಗ್ಲಿಷ್ ಕಲಿಸಲು ಜನ ಬೇಕೆಂದಾಗ ಮೊದಲು ಕೈಯೆತ್ತಿದವಳು ನಾನು. ಮೈಸೂರಿನ ನಮ್ಮ ಮನೆಮಾತು ಉರ್ದು. ಅವರ ದರಿ ಭಾಷೆ ಅದಕ್ಕೆ ಅಕ್ಕನೋ ತಂಗಿಯೋ ಆಗಬೇಕೆಂದು ನನ್ನ ಅಂದಾಜು.

“ಅದು ಬೇರೆ ಭಾಷೆ ಕಣೇ. ಸ್ವಲ್ಪ ಪ್ರಿಪೇರ್ ಮಾಡ್ಕೊಂಡು ಹೋಗು,” ಎಂದರು ಗಂಡ ಜಾವೇದ್.

“ಮ್ಯಾನೇಜ್ ಮಾಡ್ತೀನಿ ರೀ.”

ತರಗತಿಯಲ್ಲಿ ಐದು ಜನ. ಅವರಲ್ಲಿ ಜರ್ಮೀನಾ, ಶಾಲೆಯ ಗೇಟಿನಲ್ಲಿ ವಿದೇಶಿ ಸೈನಿಕರು ನಿಂತಿರುತ್ತಿದ್ದ ಕಾಲದಲ್ಲಿ ಕಾಬೂಲಿನ ಮಕ್ಕಳಿಗೆ ಹದಿನಾಲ್ಕು ವರ್ಷ ಗಣಿತ ಕಲಿಸಿದವರು. ಅಂದಿನ ಪಾಠ ಅವರವರ ವಲಸೆ ಅರ್ಜಿಯನ್ನೇ ತುಂಬುವುದು. ‘ಮ್ಯಾರೀಡ್’ ಎಂಬಲ್ಲಿ ಎಲ್ಲರೂ ಪಿಳಿಪಿಳಿ ನೋಡಿದರು.

“ಮ್ಯಾರೀಡ್ ಅಂದ್ರೆ ಶಾದಿ,” ಎಂದೆ. ಒಬ್ಬೊಬ್ಬರತ್ತ ಕೈ ತೋರಿಸಿ, “ಯೂ, ಶಾದಿ?” ಎಂದು ಕೇಳಿದೆ.

ಮುಖಗಳು ಕೆಂಪಾದವು. ಐವರೂ “ನೋ” ಎಂದರು. ಜರ್ಮೀನಾ ಎರಡು ಸಲ ಹೇಳಿದರು. ಪಾಪ, ಯುದ್ಧದ ನಾಡಿನಲ್ಲಿ ಯಾರಿಗೂ ಕಂಕಣಬಲ ಕೂಡಿಬಂದಿಲ್ಲವೆಂದು ನನ್ನ ಕಣ್ಣು ತುಂಬಿತು. ಐದೂ ಅರ್ಜಿಗಳಲ್ಲಿ ‘ಅವಿವಾಹಿತೆ’ ಎಂದು ಖುದ್ದಾಗಿ ಗುರುತು ಹಾಕಿ, ಪಕ್ಕದೂರು ರೆಸ್ಟನ್ನಿನ ನಿರಾಶ್ರಿತರ ನೆರವು ಕೇಂದ್ರಕ್ಕೆ ತಲುಪಿಸಿದೆ.

ಮರುದಿನ ಮಧ್ಯಾಹ್ನ ಜರ್ಮೀನಾ ನಮ್ಮ ಬಾಗಿಲಲ್ಲಿ ನಿಂತಿದ್ದರು. ಫೋನಿಗೆ ದರಿಯಲ್ಲಿ ಏನೋ ಹೇಳಿ ನನ್ನ ಮುಂದೆ ಹಿಡಿದರು. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಒದರಿತು: “ಟೀಚರ್, ನಮ್ಮನ್ನು ‘ನೀವು ಕೋತಿಯಾ’ ಅಂತ ಯಾಕೆ ಕೇಳಿದಿರಿ?”

ದರಿಯಲ್ಲಿ ಶಾದಿ ಎಂದರೆ ಕೋತಿ.

ಅದೇ ಫೋನಿನ ಮೂಲಕ ಕ್ಷಮೆ ಕೇಳಿ, ನಾನು ಕೇಳಿದ್ದು ಮದುವೆಯ ವಿಷಯ ಎಂದೆ. ಜರ್ಮೀನಾರ ಮುಖ ಬಿಳಿಚಿತು. ಐವರಿಗೂ ಗಂಡಂದಿರಿದ್ದರು! ಜರ್ಮೀನಾರ ಗಂಡನಂತೂ ಇನ್ನೂ ಕಾಬೂಲಿನಲ್ಲೇ ಸಿಕ್ಕಿಕೊಂಡಿದ್ದರು. ಅವರನ್ನು ಕರೆಸಿಕೊಳ್ಳಲು ಆಧಾರವಾಗಬೇಕಾದದ್ದು ಇದೇ ಅರ್ಜಿ. ಅದು ಸಂಜೆ ನಾಲ್ಕರ ಅಂಚೆಗೆ ಹೋಗುವುದಿತ್ತು.

ಇಬ್ಬರೂ ಕಾರು ಹತ್ತಿದೆವು. ಒಂದೊಂದು ಕೆಂಪು ದೀಪಕ್ಕೂ ನಾನು ಸ್ಟೀರಿಂಗ್ ಕುಟ್ಟಿದೆ. ಜರ್ಮೀನಾ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಸಮಾಧಾನ ಹೇಳಲು ನನಗೆ ಧೈರ್ಯವಾಗಲಿಲ್ಲ. ಬಾಯಿಂದ ಇನ್ಯಾವ ಪ್ರಾಣಿ ಹೊರಬಿದ್ದೀತೋ!

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ತಲುಪಿದೆವು. ಕೌಂಟರಿನಾಕೆ ಲಕೋಟೆ ಹುಡುಕಿ ಕೊಟ್ಟು, ನಾನು ಗುರುತುಗಳನ್ನು ತಿದ್ದುವುದನ್ನೇ ನೋಡಿದಳು.

“ನಿನ್ನೆಯಿಂದ ಇವತ್ತಿಗೆ ಐವರಿಗೂ ಮದುವೆಯಾಯಿತೆ?”

ಜರ್ಮೀನಾಗೆ ಅದು ಅರ್ಥವಾಯಿತು. ದುಪಟ್ಟಾ ಬಾಯಿಗೊತ್ತಿಕೊಂಡು ನಕ್ಕರು. ಮುಂದಿನ ವಾರದಿಂದ ಪಾಠ ಮುಗಿದ ಮೇಲೆ ನನ್ನನ್ನು ಕೂರಿಸಿ ದರಿ ಕಲಿಸತೊಡಗಿದರು.

ಎಷ್ಟೋ ತಿಂಗಳ ಮೇಲೆ ಅವರ ಗಂಡ ಬಂದಿಳಿದಾಗ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಜರ್ಮೀನಾ ದರಿಯಲ್ಲೇ ನನ್ನ ಪರಿಚಯ ಮಾಡಿಕೊಟ್ಟರು. ಅಷ್ಟು ಮಾತು ತಿಳಿಯುವಷ್ಟು ಕಲಿತಿದ್ದೆನಲ್ಲ, ಅದೇ ತಪ್ಪಾಯಿತು.

“ಇವರು ನನ್ನ ವಿದ್ಯಾರ್ಥಿನಿ. ಸ್ವಲ್ಪ ದಡ್ಡಿ.”