ಏಳು ಲುಪಿನ್ ಸಸಿಗಳನ್ನು ಹಿತ್ತಲಿಗೆ ಸೇರಿಸಿಕೊಳ್ಳುವ ಬಗ್ಗೆ

ಇಂದ:
ಪೈಪ್ ಫಿಟ್ಟರ್, ಮೊದಲನೇ ದರ್ಜೆ,
(ಬಾಗಿಲ ಫಲಕದ ಪ್ರಕಾರ ಮನೆಯ ಯಜಮಾನ),
ಸದ್ಯ ಮುಂದಿನ ಕೋಣೆಯ ಬೆಂಚು.

ಗೆ:
ಹಿತ್ತಲಿನ ಮುಖ್ಯಾಧಿಕಾರಿಗಳು ಹಾಗೂ ಬೀಗದ ಕೈ ಹೊಂದಿರುವವರು,
(ನನ್ನ ಹೆಂಡತಿ),
ಅಡುಗೆಮನೆ.

ಮೂಲಕ: ತಮ್ಮ ತಾಯಿ, ಅಂದರೆ ನನ್ನ ಅತ್ತೆಯವರು.

ವಿಷಯ: ಕೊಳವೆಯಲ್ಲಿ ಬೆಳೆಸಿದ ಏಳು ಲುಪಿನ್ ಹೂಗಿಡದ ಸಸಿಗಳಿಗೆ ಹಿತ್ತಲಲ್ಲಿ ಜಾಗ ಕೋರಿ.

ಉಲ್ಲೇಖ: 1) ತಾವು ಅಕ್ಕನ ಮನೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ನೀಡಿದ ಮೌಖಿಕ ಆದೇಶ: "ನೀರು ಹಾಕಿ. ಇನ್ನೇನೂ ಮುಟ್ಟಬೇಡಿ."
2) ತಾವು ಹಿಂದಿರುಗಿದ ಮರುದಿನ ಹಿತ್ತಲ ಬಾಗಿಲಿಗೆ ಬಿದ್ದ ಬೀಗ.

ಮಾನ್ಯರೇ,

ನಾನು ಮುಂಗೋಪಿ ಎಂಬುದು ತಮ್ಮ ಕಡತದಲ್ಲಿ ಇಪ್ಪತ್ತೆರಡು ವರ್ಷಗಳಿಂದ ದಾಖಲಾಗಿರುವ ಕಾರಣ ಅದನ್ನು ಇಲ್ಲಿ ಮತ್ತೆ ರುಜುವಾತುಪಡಿಸುವುದಿಲ್ಲ. ಒಂಬತ್ತು ವಾರಗಳಿಂದ ತಾವು ನನ್ನೊಂದಿಗೆ ನೇರವಾಗಿ ಮಾತಾಡಿಲ್ಲ. ನಾನು ಮೂರು ಸಲ ಬಾಯಿಂದಲೇ ಕ್ಷಮೆ ಕೇಳಲು ಹೊರಟೆ. ಮೂರು ಸಲವೂ ಎರಡನೇ ವಾಕ್ಯಕ್ಕೆ ದನಿ ಏರಿತು. ಕೊನೆಯ ಸಲ "ತಪ್ಪಾಯ್ತು ಅಂತ ಇನ್ನೆಷ್ಟು ಸಲ ಬಡ್ಕೊಳ್ಲಿ" ಎಂದು ಕೇಳಿದ ಕ್ಷಮೆ ಎದುರು ಮನೆಯ ದರ್ಜಿಗೂ ತಲುಪಿತು. ಆದ್ದರಿಂದ ಅತ್ತೆಯವರು, "ಬರೆದು ಕೊಡಿ ಅಳಿಯಂದ್ರೇ, ಕಾಗದಕ್ಕೆ ಗಂಟಲಿಲ್ಲ" ಎಂದು ಸಲಹೆ ನೀಡಿದರು. ಹಳ್ಳಿ ಶಾಲೆಯ ಮೇಷ್ಟ್ರು ನನಗೆ ಕಲಿಸಿದ ಬರವಣಿಗೆ ರಜಾ ಅರ್ಜಿಯೊಂದೇ. ಕಾರಣ ಇದು ಅದೇ ನಮೂನೆಯಲ್ಲಿದೆ. ಸಂಗತಿಗಳು ಹೀಗಿವೆ:

1. ಕಚೇರಿಯ ದಾಖಲೆ ಕೋಣೆಯಿಂದ ಸಂಜೆ ಬಂದವರು ಚೀಲ ಇಳಿಸುವ ಮೊದಲೇ ತಾವು ಹಿತ್ತಲಿಗೆ ಹೋಗುತ್ತಿದ್ದಿರಿ. ಎರಡು ವರ್ಷ. ಒಂದೊಂದು ಲುಪಿನ್ ಬೀಜದ ಗಟ್ಟಿ ಸಿಪ್ಪೆಯನ್ನು ಉಪ್ಪು ಕಾಗದಕ್ಕೆ ಉಜ್ಜಿ, ರಾತ್ರಿಯಿಡೀ ನೆನೆಸಿ ಬಿತ್ತಿದಿರಿ. ಮೊದಲ ವರ್ಷ ಬರೀ ಎಲೆ ಬಂತು. "ಇದೇನು, ಹೂವಿನ ಗಿಡವೋ ಸೊಪ್ಪಿನ ಗಿಡವೋ" ಎಂದು ನಾನು ಪ್ರತಿ ವಾರ ಕೇಳಿದ್ದೇನೆ, ಒಪ್ಪುತ್ತೇನೆ. ಎರಡನೇ ವರ್ಷ ಒಂಬತ್ತು ಗಿಡಗಳ ನಡುವಿನಿಂದ ಮೊಗ್ಗಿನ ಕದಿರು ಮೇಲೇಳುತ್ತಿದ್ದಾಗ ತಮ್ಮ ಅಕ್ಕನ ಕಾಲು ಮುರಿಯಿತು. ತಾವು ಹದಿನೆಂಟು ದಿನ ಹೋಗಬೇಕಾಯಿತು.

2. ನಾನು ಮೂರು ದಿನ ಆದೇಶದ ಪ್ರಕಾರ ನೀರು ಹಾಕಿದೆ. ನಾಲ್ಕನೇ ದಿನ ರಜೆ. ಒಂಬತ್ತು ಗಿಡ ಒಂಬತ್ತು ದಿಕ್ಕಿಗೆ ನಿಂತಿರುವುದನ್ನು ಆ ದಿನ ಬೆಳಗ್ಗೆಯಿಂದ ನೋಡಿದೆ. ಜೀವಮಾನವೆಲ್ಲ ಪೈಪನ್ನು ನೇರಕ್ಕೆ ಕೂರಿಸಿದವನಿಗೆ ಅದನ್ನು ನೋಡಿಕೊಂಡು ಕೂರುವುದು ಸಾಧ್ಯವಿಲ್ಲ. ಆದ್ದರಿಂದ ಗೋಡೆಯ ಉದ್ದಕ್ಕೂ ದಾರ ಕಟ್ಟಿ, ರಸಮಟ್ಟ ಇಟ್ಟು, ಒಂದಡಿ ಆಳಕ್ಕೆ ಕಾಲುವೆ ತೋಡಿ, ಗಿಡಗಳನ್ನು ಅಗೆದು ತೆಗೆದೆ.

3. ತೆಗೆದಾಗ ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು ಕಂಡವು. ತುಕ್ಕಿನಂಥದೇನೋ ರೋಗ ಎಂದು ತಿಳಿದು ತಂತಿ ಬ್ರಷ್ ತಂದು ಉಜ್ಜಿದೆ. ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು.

"ಅಳಿಯಂದ್ರೇ, ಗಿಡಕ್ಕೆ ಹಲ್ಲುಜ್ಜಿಸ್ತಾ ಇದ್ದೀರಾ?"

"ಅತ್ತೆ, ಒಳಗೆ ಹೋಗಿ. ಇದು ಟೆಕ್ನಿಕಲ್ ಕೆಲಸ."

"ಮುಟ್ಟಬೇಡಿ ಅಂದಿದ್ಲಲ್ಲ ನನ್ನ ಮಗಳು."

"ಮುಟ್ಟಬೇಡಿ ಅಂದ್ರೆ ಕೆಡಿಸಬೇಡಿ ಅಂತ. ನಾನು ರಿಪೇರಿ ಮಾಡ್ತಿದ್ದೀನಿ."

"ಮಾಡಿ, ಮಾಡಿ. ನಿಮಗೆ ಎಲ್ಲ ಕೆಲಸ ಬರುತ್ತೆ. ಸುಮ್ಮನಿರೋದು ಒಂದು ಬರಲ್ಲ."

ತಾಯಿಬೇರು ಒಂದೂವರೆ ಅಡಿ ಇತ್ತು, ಕಾಲುವೆ ಒಂದಡಿ. ಪೈಪು ಉದ್ದವಾದರೆ ನಮ್ಮ ಕೆಲಸದಲ್ಲಿ ಕತ್ತರಿಸುತ್ತೇವೆ. ಅದರಂತೆ ಅಳತೆ ಗುರುತು ಹಾಕಿ, ಒಂಬತ್ತನ್ನೂ ಗರಗಸದಿಂದ ಸಮನಾಗಿ ಕತ್ತರಿಸಿ, ಕಾಲುವೆಯಲ್ಲಿ ಒಂದೇ ಸಾಲಿಗೆ ನೆಟ್ಟೆ. ಆ ಗಂಟುಗಳೇ ಗಿಡದ ಗೊಬ್ಬರದ ಕಾರ್ಖಾನೆ, ಲುಪಿನ್ ಗಿಡದ ತಾಯಿಬೇರನ್ನು ಕದಲಿಸಲೇಬಾರದು ಎಂಬ ಎರಡು ವಿಷಯಗಳು ನನಗೆ ಆಮೇಲೆ ತಿಳಿದವು.

4. ಒಂದು ವಾರದಲ್ಲಿ ಒಂಬತ್ತೂ ಬಾಗಿದವು. ನಾನು ಒಂದೊಂದಕ್ಕೂ ಕಬ್ಬಿಣದ ತಂತಿ ಊರಿ ಎತ್ತಿ ಕಟ್ಟಿದೆ. ತಾವು ಬಂದ ದಿನ ಅವು ಸತ್ತಿದ್ದವು, ಆದರೆ ನೇರವಾಗಿ ನಿಂತಿದ್ದವು.

ತಾವು ಚೀಲ ಕೆಳಗಿಡಲಿಲ್ಲ. "ಏನಾಯ್ತು ಇವಕ್ಕೆ?" ಎಂದಿರಿ.

ನಾನು "ಬಿಸಿಲು" ಎಂದೆ.

ಇದು ಸುಳ್ಳು. ಅರ್ಜಿಯಲ್ಲಿ ಇದನ್ನು ಪ್ರತ್ಯೇಕವಾಗಿ ಒಪ್ಪಿಕೊಳ್ಳುತ್ತಿದ್ದೇನೆ, ಏಕೆಂದರೆ ಬಾಯಿಂದ ಮೂರು ಸಲ ಕೇಳಿದ ಕ್ಷಮೆಯಲ್ಲಿ ಗಿಡದ ಮಾತಿತ್ತೇ ಹೊರತು ಇದರ ಮಾತಿರಲಿಲ್ಲ. ತಾವು ಒಂದು ಗಿಡವನ್ನು ಎರಡು ಬೆರಳಲ್ಲಿ ಎಳೆದಿರಿ, ಅದು ತಂತಿಯ ಸಮೇತ ಬಂತು. ಬುಡದಲ್ಲಿ ಕತ್ತರಿಸಿದ ಗುರುತನ್ನು ನೋಡಿ, "ಬಿಸಿಲು ಗರಗಸ ಹಿಡ್ಕೊಂಡು ಬಂದಿತ್ತೇನ್ರೀ?" ಎಂದಿರಿ. ನನ್ನೊಂದಿಗೆ ತಾವು ನೇರವಾಗಿ ಆಡಿದ ಕೊನೆಯ ಮಾತು ಅದು. ಅಂದಿನಿಂದ "ಊಟಕ್ಕೆ ಬರಬೇಕಂತೆ", "ದೀಪ ಆರಿಸಬೇಕಂತೆ" ಎಂಬ ಎಲ್ಲವೂ ಅತ್ತೆಯವರ ಮೂಲಕ ಬರುತ್ತಿವೆ. ಅವರಿಗೆ ಮಂಡಿ ನೋವು.

ಎರಡು ವರ್ಷದಲ್ಲಿ ತಾವು ನನ್ನನ್ನು ಒಂದೇ ಒಂದು ಕೆಲಸ ಕೇಳಿದಿರಿ. ಏನೂ ಮಾಡಬೇಡಿ ಎಂದು. ಅಷ್ಟು ಸುಲಭದ ಕೆಲಸ ನನ್ನಿಂದ ಆಗಲಿಲ್ಲ.

5. ಆ ವಾರವೇ ಬೀಜದ ಅಂಗಡಿಗೆ ಹೋದೆ. ಅಂಗಡಿಯವ ಲಕೋಟೆ ಕೈಗೆ ಕೊಡಲು ಅನುಮಾನಿಸಿದ. "ಮೊದಲ ವರ್ಷ ಹೂ ಬರೋದು ಕಷ್ಟ ಸಾರ್. ಕಾಯ್ತೀರಾ?"

"ಕಾಯ್ತೀನಿ."

"ಮುಖ ನೋಡಿದ್ರೆ ಹಾಗನ್ಸಲ್ಲ."

"ಕಾಯ್ತೀನಿ ಅಂದ್ನಲ್ಲಯ್ಯಾ" ಎಂದು ನಾನು ಗಲ್ಲಾ ಪೆಟ್ಟಿಗೆ ಗುದ್ದಿದೆ. ಅವನು ಹನ್ನೆರಡು ಬೀಜ ಕೊಟ್ಟು, ಮಕ್ಕಳ ಬಾಯಿಗೆ ಸಿಗದಂತೆ ಇಡಿ, ವಿಷ ಎಂದ.

6. ನಾನು ಕೆಲಸ ಮಾಡುವ ಪಂಪು ಮನೆಯ ಹಿಂದೆ ಈ ಹನ್ನೆರಡನ್ನೂ ಬೆಳೆಸುವ ಕ್ರಮವನ್ನು ನಾನೇ ರೂಪಿಸಿದೆ. ಮೂರಿಂಚು ಕೊಳವೆಯನ್ನು ಒಂದೊಂದಡಿಗೆ ಕತ್ತರಿಸಿ, ಪ್ರತಿ ತುಂಡನ್ನೂ ಉದ್ದಕ್ಕೆ ಎರಡಾಗಿ ಸೀಳಿ, ಮತ್ತೆ ಜೋಡಿಸಿ ತಂತಿ ಬಿಗಿದೆ. ನೆಡುವಾಗ ತಂತಿ ಬಿಚ್ಚಿದರೆ ಕೊಳವೆ ಎರಡು ಹೋಳಾಗುತ್ತದೆ, ಮಣ್ಣು ಅಲುಗುವುದಿಲ್ಲ, ತಾಯಿಬೇರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮರಳು ಬೆರೆಸಿದ್ದೇನೆ. ಗೊಬ್ಬರ ಹಾಕಿಲ್ಲ. ಬೆಳಗ್ಗೆ ಕೆಲಸಕ್ಕೆ ಮೊದಲು ಬಸವನ ಹುಳುಗಳನ್ನು ಕೈಯಿಂದ ಆರಿಸಿದ್ದೇನೆ, ಬೈದುಕೊಂಡೇ ಆದರೂ ಆರಿಸಿದ್ದೇನೆ. ಐದು ಬೀಜ ಹುಟ್ಟಲಿಲ್ಲ. ಉಳಿದ ಏಳರ ಎಲೆಗಳು ಬೆರಳು ಬಿಡಿಸಿದ ಅಂಗೈಯಂತಿದ್ದು, ನೀರು ಹಾಕಿದಾಗ ಪ್ರತಿಯೊಂದರ ನಡುವೆ ಒಂದು ಹನಿ ನಿಲ್ಲುತ್ತದೆ. ಅದರಿಂದ ಪ್ರಯೋಜನವೇನೆಂದು ತಿಳಿಯದು. ಆದರೂ ದಿನಾ ನೋಡುತ್ತೇನೆ. ತಾವು ಚೀಲ ಇಳಿಸದೆ ಹಿತ್ತಲಿಗೆ ಹೋಗುತ್ತಿದ್ದ ಕಾರಣ ಈಗ ತಿಳಿದಂತಿದೆ.

7. ಸೋಮವಾರ ಎರಡು ಕೊಳವೆಗಳ ತಳದಲ್ಲಿ ಬಿಳಿ ಬೇರಿನ ತುದಿ ಹೊರಬಂದಿದೆ. ಇನ್ನು ತಡೆದರೆ ಅದು ಸುತ್ತಿಕೊಳ್ಳುತ್ತದೆ, ಇಲ್ಲವೇ ಒಣಗುತ್ತದೆ. ವಿಳಂಬವಾದರೆ ಈ ಏಳೂ ಹೋಗುತ್ತವೆ. ಹಿತ್ತಲ ಬೀಗ ಮುರಿಯಲು ನನಗೆ ಅರ್ಧ ನಿಮಿಷ ಸಾಕು. ಮುರಿದಿಲ್ಲ. ಇದನ್ನು ಅರ್ಜಿದಾರನ ಅರ್ಹತೆಯೆಂದು ಪರಿಗಣಿಸಬೇಕು. ಬೇರೆ ಅರ್ಹತೆಗಳಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ತಾವು ದಯಮಾಡಿ:

ಅ) ಈ ಏಳು ಸಸಿಗಳನ್ನು ತಮಗೆ ತೋಚಿದ ಕಡೆ, ತಮಗೆ ತೋಚಿದಷ್ಟು ಓರೆಯಾಗಿ ನೆಡಲು ಅಪ್ಪಣೆ ಕೊಡಬೇಕು. ದಾರ, ರಸಮಟ್ಟ ತರುವುದಿಲ್ಲ.

ಆ) ನಾನು ಒಳಗೆ ಬರುವುದು ಬೇಡವೆಂದರೆ ತಾವೇ ನೆಡಬೇಕು. ತಂತಿ ಬಿಚ್ಚುವುದನ್ನು ಬಾಗಿಲಾಚೆಯಿಂದ ಹೇಳಿಕೊಡುತ್ತೇನೆ, ಮೆಲ್ಲಗೆ. ನನ್ನ ಮೇಲಿನ ಸಿಟ್ಟನ್ನು ಇವುಗಳ ಮೇಲೆ ತೀರಿಸಬಾರದು. ಇವು ಆಗ ಹುಟ್ಟಿಯೇ ಇರಲಿಲ್ಲ.

ಇ) ತೀರ್ಮಾನ ಏನೇ ಇರಲಿ, ಅತ್ತೆಯವರ ಮೂಲಕ ಕಳುಹಿಸಬಾರದು. ಬೈಗುಳವೇ ಆದರೂ ಖುದ್ದಾಗಿ ಬರಬೇಕು. ಬೈಯುವಷ್ಟು ಹೊತ್ತು ಎದುರು ಮಾತಾಡುವುದಿಲ್ಲ ಎಂದು ಈ ಮೂಲಕ ಬರೆದು ಕೊಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ವಿಶ್ವಾಸ ಸದ್ಯ ಒಂದೇ ಕಡೆಯದು)
ಪೈಪ್ ಫಿಟ್ಟರ್

ಲಗತ್ತುಗಳು:
1. ಸಸಿಗಳು, ಏಳು, ಕೊಳವೆ ಸಮೇತ.
2. ತಂತಿ ಬ್ರಷ್, ಒಂದು, ಶಾಶ್ವತವಾಗಿ ಒಪ್ಪಿಸಲಾಗಿದೆ.
3. ಅತ್ತೆಯವರ ಷರಾ: "ಓದಿದೆ. ನಿಜ ಬರೆದಿದ್ದಾರೆ. ಇನ್ನು ನನ್ನ ಕೈಲಿ ಓಡಾಡೋಕಾಗಲ್ಲ, ನೀವು ನೀವೇ ನೋಡ್ಕೊಳ್ಳಿ."

ವಿಶೇಷ ಸೂಚನೆ: ನಾನು ಮುಂಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದೇನೆ. ಸಸಿಗಳೂ ಅಲ್ಲೇ ಇವೆ. ಒಳಗೆ ಕರೆದುಕೊಳ್ಳುವಾಗ ಮೊದಲು ಸಸಿಗಳನ್ನು ಕರೆದುಕೊಳ್ಳಬೇಕಾಗಿ ವಿನಂತಿ.