ಓರೆಗಣ್ಣಲ್ಲಿ ಕಂಡ ನೀಹಾರಿಕೆ

ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು ನಾನು. ಆಮೇಲೆ ಎಲ್ಲೂ ಆರು ತಿಂಗಳು ನಿಂತಿಲ್ಲ. ಹೊಸ ತಿಪ್ಪಸಂದ್ರದ ಒಬ್ಬ ರಿಟೈರ್ಡ್ ಅಂಕಲ್ ಜೊತೆ ಎರಡು ವರ್ಷದಿಂದ ಇದ್ದೀನಿ ಅಂದರೆ ಅದು ಅವರ ಟೆಲಿಸ್ಕೋಪಿನ ಮಹಿಮೆ. ಕೈಯಾರೆ ಕನ್ನಡಿ ಉಜ್ಜಿ ಮಾಡಿದ್ದು. ಗೀಸರಿಗಿಂತ ದಪ್ಪ, ನನಗಿಂತ ಉದ್ದ. ಚಳಿಗಾಲದ ಸಂಜೆ ಅದನ್ನು ಕರೆದವರ ತಾರಸಿಗೆ ಹೊತ್ತು, ನಕ್ಷತ್ರಗಳು ಹುಟ್ಟುವ ಮೋಡ, ಅಂದರೆ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ, ತೋರಿಸ್ತೀವಿ. ಗುರಿ ಹಿಡಿಯೋದು ನಾನು. ಅಂಕಲ್ ನೋಡೋದು ಎಲ್ಲರೂ ನೋಡಿದ ಮೇಲೆ. ಮೋಡ ಅದೇ, ತಮಾಷೆ ಮಾತ್ರ ತಾರಸಿಗೊಂದು.

೧. ಎದುರು ಫ್ಲಾಟ್

ಇಂದಿರಾನಗರದ ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಒಂದೇ ಅನುಮಾನ: ಇದರಲ್ಲಿ ಎದುರು ಫ್ಲಾಟ್ ಕಾಣುತ್ತಾ? ಅಂಕಲ್ ಇನ್ನೂ ಕೆಳಗೆ ಲಿಫ್ಟಿಗೆ ಕಾಯ್ತಿದ್ದರು, ತಾರಸೀಲಿ ಉತ್ತರ ಹೇಳೋಕೆ ಇದ್ದವನು ನಾನೊಬ್ಬನೇ. ಸುಳ್ಳು ಯಾಕೆ ಹೇಳಲಿ?

"ಕಾಣುತ್ತೆ ಸಾರ್, ಆದರೆ ತಲೆಕೆಳಗಾಗಿ."

ಅಂಕಲ್ ಲಿಫ್ಟಲ್ಲಿ ಮೇಲೆ ಬರೋಷ್ಟರಲ್ಲಿ ನಾನೂ ಟೆಲಿಸ್ಕೋಪೂ ಮೆಟ್ಟಿಲಲ್ಲಿ ಇಳೀತಿದ್ವಿ.

ಗಾಡಿಯಲ್ಲಿ ಅಂಕಲ್ ಖಡಾಖಂಡಿತ ಹೇಳಿದರು: ಇವತ್ತು ಯಾರಿಗೂ ಏನೂ ತೋರಿಸಲಿಲ್ಲ, ಇನ್ನು ಮೇಲೆ ಒಬ್ಬರೇ ಒಬ್ಬರು ಏನೂ ಕಾಣ್ಲಿಲ್ಲ ಅಂತ ಕೆಳಗಿಳಿದರೂ ನಿನ್ನ ಕೆಲಸ ಮುಗೀತು.

೨. ಪ್ರಾಕ್ಟೀಸು

ಈ ಮೋಡವನ್ನು ನೆಟ್ಟಗೆ ದಿಟ್ಟಿಸಿದರೆ ಅರ್ಧ ಮಾಯ. ಸ್ವಲ್ಪ ಪಕ್ಕಕ್ಕೆ ಕಣ್ಣು ಹಾಯಿಸಿದರೆ ರೆಕ್ಕೆ ಬಿಚ್ಚುತ್ತೆ. ಹಲಸೂರಿನಲ್ಲಿ ಒಬ್ಬ ಯಜಮಾನರಿಗೆ ಈ ಓರೆಗಣ್ಣಿನ ವಿದ್ಯೆ ಹೇಳಿಕೊಡೋಕೆ ಹೊರಟೆ. ಹಿಂದೆ ಅವರ ಹೆಂಡತಿ ನಿಂತಿದ್ದರು.

"ಅದೊಂದು ಇವರಿಗೆ ಹೇಳ್ಕೊಡಬೇಡಪ್ಪ. ಹೋದ ಹೋದ ಮದುವೆ ಮನೇಲೆಲ್ಲಾ ಅದೇ ಪ್ರಾಕ್ಟೀಸು."

ಅವತ್ತು ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಚೆನ್ನಾಗಿ ಕಂಡಿದ್ದು ಆ ಯಜಮಾನರಿಗೇ.

೩. ವಾರ್ಡಿನ ಕಾನೂನು

ಶಿವಾಜಿನಗರದ ತಾರಸಿ. ಸಾಲಿನಲ್ಲಿ ಮೊದಲು ಮನೆಯ ಅಜ್ಜಿ, ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದು ರಿಟೈರ್ ಆದವರು. ಕಣ್ಣಿಟ್ಟು, ಏನೂ ಕಾಣಲ್ಲ ಬೇಟಾ, ಬರೀ ಹೊಗೆ, ಅಂದರು. ಅಂಕಲ್ ನನ್ನ ಕಡೆ ತಿರುಗಿದರು. ಅಮ್ಮೀ, ಆ ಹೊಗೆಯೊಳಗೇ ನಕ್ಷತ್ರ ಹುಟ್ಟೋದು, ಕೆಳಗಿಳಿಯೋ ಮುಂಚೆ ಒಂಚೂರು ಓರೆಗಣ್ಣಲ್ಲಿ ನೋಡಿ, ಅಂದೆ.

ಅಜ್ಜಿ ಮತ್ತೆ ಬಗ್ಗಿದರು. ಬಹಳ ಹೊತ್ತು ಏಳಲೇ ಇಲ್ಲ. ಆಮೇಲೆ ದುಪಟ್ಟಾ ಸರಿಮಾಡಿಕೊಂಡು ನಮ್ಮ ಕಡೆ ತಿರುಗಿದರು. ದನಿ ಪಕ್ಕಾ ವಾರ್ಡಿನದು.

"ಹೆರಿಗೆ ಆಗೋ ಜಾಗದಲ್ಲಿ ಗಂಡಸರಿಗೇನು ಕೆಲಸ? ನಡೀರಿ ಕೆಳಗೆ."

ಬೀದಿಯ ಹೆಂಗಸರೆಲ್ಲ ಮೇಲೆ, ಗಂಡಸರೆಲ್ಲ ಕೆಳಗೆ, ಟೆಲಿಸ್ಕೋಪು ಮಾಡಿದ ಅಂಕಲ್ಲೂ ಸೇರಿ. ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಅಜ್ಜಿಯ ಮಗ ಅಂಕಲ್ಲನ್ನೇ ಕೇಳಿದರು, ಹೇಗಿತ್ತು ಸಾರ್?

"ಏನೂ ಕಾಣ್ಲಿಲ್ಲ" ಅಂದರು ಅಂಕಲ್.

ನಾನು ನಿಧಾನಕ್ಕೆ ಒಂದು ಟೀ ತಗೊಂಡೆ.

"ಈಗ ನಮ್ಮಿಬ್ಬರಲ್ಲಿ ಯಾರ ಕೆಲಸ ಮುಗೀತು ಅಂಕಲ್?"